ಅಳಿಸಿದ ಗುರುತು

ಚೆಂಡು ಹೊರಗೆ ಬಿದ್ದಿತ್ತು. ತಂತಿಬೇಲಿಗೆ ಮುಖವೊತ್ತಿ ನಿಂತಿದ್ದ ಜುನಿಲ್ಡಾ ಕಣ್ಣಾರೆ ಕಂಡಳು: ಬಿಳಿಗೆರೆಯಿಂದ ನಾಲ್ಕು ಬೆರಳು ಆಚೆ, ಕೆಂಪು ಮಣ್ಣಿನ ಮೇಲೆ ಬಿದಿಗೆ ಚಂದ್ರನಂಥ ಒಂದು ಗುರುತು. ಮಗಳು ಅರಾಸೆಲಿ ಬೆರಳೆತ್ತಿ "ಔಟ್!" ಎಂದು ಕೂಗಿದಳು. ಅಲ್ಲಿಗೆ ಪಂದ್ಯ ಮುಗಿದಂತೆ. ವಿಯಾರಿಕಾ ಊರಿನ ಹುಡುಗಿ ಅಸುನ್ಸಿಯೋನಿನ ಟೆನಿಸ್ ಟೂರ್ನಿಯ ಮುಖ್ಯ ಸುತ್ತಿಗೆ ಬಂದಂತೆ. ಇನ್ನೊಂದು ಟೂರ್ನಿಗೆ ಕಳಿಸುವ ಶಕ್ತಿ ಮನೆಯಲ್ಲಿರಲಿಲ್ಲ. ಸೋತರೆ ಸೋಮವಾರದಿಂದ ಊರಿನ ಕ್ಲಬ್ಬಿನಲ್ಲಿ ಸದಸ್ಯರ ಮಕ್ಕಳಿಗೆ ಚೆಂಡು ಎಸೆದುಕೊಡುವ ಕೆಲಸ ಅವಳಿಗಾಗಿ ಕಾದಿತ್ತು. ಜುನಿಲ್ಡಾಳ ಬಾಯಿಂದ ಸಂತೋಷದ ಕೂಗು ಹೊರಡಬೇಕು, ಅಷ್ಟರಲ್ಲಿ ಕಣ್ಣು ಮಗಳ ಕಾಲಿನ ಕಡೆಗೆ ಹೋಯಿತು.

ಅರಾಸೆಲಿಯ ಎಡಗಾಲು ತನ್ನಷ್ಟಕ್ಕೆ ತಾನೇ ಮುಂದೆ ಚಾಚಿ, ಬೂಟಿನಡಿಯಿಂದ ಆ ಗುರುತನ್ನು ಒಮ್ಮೆ ಹೀಗೆ ಒಮ್ಮೆ ಹಾಗೆ ಸವರಿ, ನುಣ್ಣಗೆ ಮಾಡಿಬಿಟ್ಟಿತ್ತು.

"ಎಲ್ಲಿ, ಗುರುತು ತೋರ್ಸು," ಎನ್ನುತ್ತ ಎದುರಾಳಿ ಪಿಯಾ ಬಲೆಯ ಈಚೆಗೆ ಬಂದಳು. ಅಂಗಳದ ಸುತ್ತ ಕಟ್ಟಿದ್ದ ಬಟ್ಟೆಯ ಮೇಲೆಲ್ಲ ಅವಳ ಅಪ್ಪನ ಮಾಂಸದ ಕಾರ್ಖಾನೆಯ ಹೆಸರೇ ಇತ್ತು. ಅವಳು ಬಗ್ಗಿ ನೋಡಿದಳು. ನೆಲದಲ್ಲಿ ಏನೂ ಇಲ್ಲ. "ಏನೇ ಇದು, ಸಾರಿಸಿಬಿಟ್ಟಿದ್ದೀಯಾ? ಯಾರ ಮದುವೆ ಇಲ್ಲಿ?"

ಇಂಥ ಸಣ್ಣ ಟೂರ್ನಿಗಳಲ್ಲಿ ಎತ್ತರದ ಕುರ್ಚಿಯ ಮೇಲೆ ಕೂತು ತೀರ್ಪು ಹೇಳುವವರಿರುವುದಿಲ್ಲ. ತಮ್ಮ ಕಡೆ ಬಿದ್ದ ಚೆಂಡಿನ ಬಗ್ಗೆ ಆಟಗಾರ್ತಿಯರೇ ಹೇಳಬೇಕು. ಎದುರಿನವಳಿಗೆ ಅನುಮಾನ ಬಂದರೆ ಮಣ್ಣಿನ ಮೇಲಿನ ಗುರುತೇ ಸಾಕ್ಷಿ. ತೋರಿಸುವ ಮೊದಲು ಅದನ್ನು ಅಳಿಸಿದವಳು ಪಾಯಿಂಟನ್ನು ಬಿಟ್ಟುಕೊಟ್ಟ ಹಾಗೆ. ಮಣ್ಣಿನಂಗಳದಲ್ಲಿ ಆಡುವ ಪುಟ್ಟ ಮಕ್ಕಳಿಗೂ ಗೊತ್ತಿರುವ ಮಾತಿದು. ಎಲ್ಲ ಅಂಗಳಗಳಿಗೂ ಒಬ್ಬಳೇ ಆಗಿ ಅಡ್ಡಾಡುತ್ತಿದ್ದ ಅಂಪೈರ್ ಹೆಂಗಸನ್ನು ಕೂಗಿ ಕರೆದರು.

"ನೀನೇ ಅಳಿಸಿದ್ದಾ?"

"ಹೂಂ."

"ರೂಲ್ಸ್ ಗೊತ್ತಿಲ್ವಾ, ತಾಯೀ?"

"ಗೊತ್ತು."

"ಗೊತ್ತಿದ್ದೂ ಮ್ಯಾಚ್ ಪಾಯಿಂಟಲ್ಲಿ ಹೀಗೆ ಮಾಡ್ತಾರಾ?" ಅಂಪೈರ್ ಕೈಚೆಲ್ಲಿದಳು. ಪಾಯಿಂಟ್ ಪಿಯಾಳ ಪಾಲಾಯಿತು. ಆಮೇಲೆ ನಡೆದದ್ದನ್ನು ಆಟ ಎನ್ನುವಂತಿಲ್ಲ. ಅರಾಸೆಲಿ ಚೆಂಡಿನ ಹಿಂದೆ ಓಡುವಾಗಲೂ ತನ್ನ ಕಾಲನ್ನೇ ನೋಡುತ್ತಿದ್ದಳು, ಬೇರೆ ಯಾರದೋ ಕಾಲು ತನಗೆ ಅಂಟಿಕೊಂಡಿದೆಯೇನೋ ಎಂಬಂತೆ. ಬೇಲಿಯಾಚೆ ಜುನಿಲ್ಡಾ ಮಾತ್ರ ತಲೆ ಎತ್ತಲಿಲ್ಲ. ಆ ಸವರುವಿಕೆ ಎಲ್ಲಿಯದೆಂದು ಅವಳು ಬಲ್ಲಳು.

ಪಂದ್ಯ ಸೋತು ಅರಾಸೆಲಿ ಹೊರಗೆ ಬರುವಾಗ ಪಿಯಾ ಹಿಂದೆಯೇ ಬಂದು ಅವಳ ಹೆಗಲು ಮುಟ್ಟಿದಳು. "ಚೆಂಡು ಔಟೇ ಆಗಿತ್ತು ಕಣೇ. ನಂಗೂ ಕಂಡಿತ್ತು."

"ಮತ್ಯಾಕೆ ಕೇಳ್ದೆ?"

"ಸೋಲೋ ಹೊತ್ತಲ್ಲಿ ಒಂದ್ಸಲ ಕೇಳ್ಲೇಬೇಕು ಅಂತ ನಮ್ ಕೋಚ್ ಕಲ್ಸಿದಾರೆ. ನೀನು ತೋರಿಸ್ತೀಯ, ನಾನು ಕೈ ಕುಲುಕಿ ಹೋಗ್ತೀನಿ ಅಂದ್ಕೊಂಡಿದ್ದೆ." ಅವಳ ಮುಖದಲ್ಲಿ ಕಪಟವಿರಲಿಲ್ಲ. "ಬೇಜಾರ್ ಮಾಡ್ಕೋಬೇಡ. ಮುಂದಿನ ವಾರ ತುರ್ಕಿ ಟೂರ್ನಿಗೆ ಬರ್ತೀಯಲ್ಲ, ಅಲ್ಲಿ ಸೇಡು ತೀರಿಸ್ಕೊ."

"ನೋಡೋಣ," ಎಂದಳು ಅರಾಸೆಲಿ.

ಅಂಗಳದ ಹಿಂದಿನ ಮರದ ನೆರಳಲ್ಲಿ ತಾಯಿ ಮಗಳು ಕೂತರು. ಜುನಿಲ್ಡಾ ಕೊಂಬಿನ ಲೋಟಕ್ಕೆ ತೆರೆರೆ ಎಂಬ ತಣ್ಣನೆಯ ಸೊಪ್ಪಿನ ಪಾನೀಯ ಬಗ್ಗಿಸಿ ಕೊಟ್ಟಳು. ಮಗಳು ಕುಡಿಯದೆ ಕೈಯಲ್ಲೇ ಹಿಡಿದುಕೊಂಡಳು.

"ತಪ್ಪು ನಂದು, ಮಗಳೇ."

"ನಿಂದ್ಯಾಕಮ್ಮಾ? ಆಡಿದ್ದು ನಾನು."

ಜುನಿಲ್ಡಾ ವಿಯಾರಿಕಾದ ಕ್ಲಬ್ಬಿನಲ್ಲಿ ಸದಸ್ಯರ ಟವೆಲುಗಳನ್ನು ಒಗೆಯುವವಳು. ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಲಗಿದಾಗ, ಯಾರೋ ಎಸೆದ ರ‍್ಯಾಕೆಟ್ ಹಿಡಿದು ಪುಟ್ಟ ಅರಾಸೆಲಿ ಖಾಲಿ ಅಂಗಳಕ್ಕೆ ಕಳ್ಳಹೆಜ್ಜೆ ಇಡುತ್ತಿದ್ದಳು. ಸದಸ್ಯರು ಏಳುವಷ್ಟರಲ್ಲಿ ಮಣ್ಣು ಮೊದಲಿದ್ದ ಹಾಗೇ ಇರಬೇಕಿತ್ತು, ಇಲ್ಲದಿದ್ದರೆ ತಾಯಿಯ ಕೆಲಸಕ್ಕೆ ಕುತ್ತು.

"ನಿನ್ನ ಹೆದರಿಸಿದ್ದೆನಲ್ಲೇ," ಎಂದಳು ಜುನಿಲ್ಡಾ. "ನಡುಮಧ್ಯಾಹ್ನ ಜಸಿ ಜತೆರೆ ತಿರುಗ್ತಿರ್ತಾನೆ, ಚಿನ್ನದ ಕೋಲಿನ ಕುಳ್ಳ, ಮಣ್ಣಲ್ಲಿ ಒಂದು ಗುರುತು ಕಂಡ್ರೆ ಸಾಕು, ಅದರ ಜಾಡು ಹಿಡಿದು ಬಂದು ಮಕ್ಕಳನ್ನ ಕಾಡಿಗೆ ಎತ್ಕೊಂಡ್ ಹೋಗ್ತಾನೆ ಅಂತ. ಕಾಡಿಗೆ ಒಯ್ಯೋದು ನಮ್ಮಜ್ಜಿ ಹೇಳಿದ್ದು. ಗುರುತಿನ ಮಾತು ನಾನೇ ಸೇರಿಸಿದ್ದು. ನೀನು ಪಾಪ, ನಂಬಿ, ಒಂದೊಂದನ್ನೂ ಅಳಿಸ್ತಿದ್ದೆ. ಇವತ್ತಿಗೂ ಅವನು ನಿನ್ನ ಕಾಲು ಬಿಟ್ಟಿಲ್ಲ ನೋಡು."

ಅರಾಸೆಲಿ ಮುಂಗೈಯಿಂದ ಮೂಗೊರೆಸಿಕೊಂಡಳು. ಬೆಳಗಿನಿಂದ ಮೊದಲ ಸಲ ಅವಳ ತುಟಿಯಲ್ಲಿ ನಗುವಿನಂಥದೇನೋ ಸುಳಿಯಿತು.

"ಜಸಿ ಜತೆರೇನ ನಾನ್ಯಾವತ್ತಮ್ಮಾ ನಂಬಿದ್ದೆ? ಆ ಕಥೆ ಹೇಳೋವಾಗ ನೀನು ಒಂದಿನಾನೂ ಕಾಡಿನ ಕಡೆ ನೋಡ್ಲಿಲ್ಲ. ಕ್ಲಬ್ ಅಧ್ಯಕ್ಷರ ಕಿಟಕಿ ಕಡೇನೇ ನೋಡ್ತಿದ್ದೆ."