ಶೇಂಗಾದ ವರದಿ

ಶೇಂಗಾದಲ್ಲಿ ಬೂಷ್ಟಿನ ವಿಷವಿದೆಯೇ ಎಂದು ಪರೀಕ್ಷಿಸುವುದು ಮಂದಾಕಿನಿಯ ಕೆಲಸ. ಈ ಸಲದ ಮಾಲು ಶಾಲೆ ಮಕ್ಕಳ ಚಿಕ್ಕಿಗೆ ಹೋಗುವಂಥದ್ದು.

“ಕಾಳು ಅರೆದು ಸುಮ್ಮನೆ ಸೋಸಿ, ಪರೀಕ್ಷೆಯ ಯಂತ್ರಕ್ಕೆ ಹಾಕಿಬಿಡಿ,” ಎಂದರು ಗಿರಣಿಯ ಮ್ಯಾನೇಜರು.

“ಬರೀ ಸೋಸಿದರೆ ಕಸದ ನಡುವೆ ವಿಷ ಕಾಣುವುದೇ ಇಲ್ಲ ಸರ್. ವಿಷವನ್ನಷ್ಟೇ ಹಿಡಿದಿಡುವ ನಳಿಕೆ, ಆ ಕಾಲಂ ಬೇಕು.”

“ಹಟ ಮಾಡಿದರೆ ಕೆಲಸ ಹೋಗುತ್ತೆ.”

“ಹೋಗಲಿ. ಬರೀ ಸೋಸಿ ಮಾಡಿದ ವರದಿಗೆ ನಾನು ಸಹಿ ಹಾಕಲ್ಲ.”

ಕೊನೆಗೆ ಅವರೇ ಬೀರು ತೆಗೆದು ಕಾಲಂ ಕೊಟ್ಟರು. ಸಂಜೆ ಫಲಿತಾಂಶ ಬಂತು: ವಿಷದ ಸುಳಿವೇ ಇಲ್ಲ. ಅವಳು ನಿರಾಳವಾಗಿ ಸಹಿ ಹಾಕಿದಳು.

ಲಾರಿ ಹೊರಟಾಗ ಹರಿದ ಚೀಲವೊಂದರಿಂದ ಕಾಳು ಉದುರಿದವು. ಎಲ್ಲಕ್ಕೂ ಹಸಿರು ಬೂಷ್ಟು ಹಿಡಿದಿತ್ತು.

“ಸರ್, ಇದೇನಿದು!”

ಅವರು ವರದಿಯನ್ನು ಮಡಚಿ ಜೇಬಿಗಿಟ್ಟುಕೊಂಡರು.

“ಕಾಲಂ ನೀವು ಆರಿಸಿದಿರಿ ಮೇಡಂ. ಪರೀಕ್ಷೆಗೆ ಕೊಟ್ಟ ಕಾಳು ನಾನು ಆರಿಸಿದ್ದೆ.”