ಕೆನ್ನೆ ನೆನಪಿಟ್ಟ ಕಲ್ಲು

ಗಡಿಕಲ್ಲು ನಿಂತಿದ್ದದ್ದು ಇಲ್ಲೇ ಎಂದು ಎಂಬತ್ತು ದಾಟಿದ ಅಗಾಥಾ ಊರುಗೋಲಿನಿಂದ ನೆಲ ಕುಟ್ಟಿ ತೋರಿಸಿದಳು. ಅಗೆದರು. ಮೊಳದುದ್ದ ಇಳಿದರೂ ಸಿಕ್ಕಿದ್ದು ಬರೀ ಜಲ್ಲಿ, ಕಲ್ಲಿನ ಬುಡದ ಗುರುತೇ ಇಲ್ಲ.

ಹಿಮ ಕರಗುವಾಗ ಗುಡ್ಡ ಜರಿದು ಕಲ್ಲನ್ನು ಹೊತ್ತೊಯ್ದಿತ್ತು. ಹೊಸದನ್ನು ನೆಡಲು ಲಿಖ್ಟೆನ್‌ಸ್ಟೈನ್ ಕಡೆಯ ಮೋಜಣಿದಾರ ಎಗೋನ್, ಗುಡ್ಡದ ಮೇಲ್ಬದಿಯ ಆಸ್ಟ್ರಿಯಾ ಕಡೆಯಿಂದ ಅಧಿಕಾರಿ ಹುಬರ್ಟ್ ಬಂದಿದ್ದರು. ಹಳೆಯ ನಕ್ಷೆಯ ಗೆರೆ ದಪ್ಪ. ಬೇಸಿಗೆಯೆಲ್ಲ ಅಗಾಥಾಳ ಊರಿನ ಅರವತ್ತು ಹಸುಗಳಿಗೆ ನೀರು ಕೊಡುವ ಒರತೆ ನಕ್ಷೆಯಲ್ಲಿ ಆ ಗೆರೆಯಡಿಯಲ್ಲೇ ಮುಚ್ಚಿಹೋಗಿ, ಯಾವ ಕಡೆಯದೆಂದು ತಿಳಿಯುವಂತಿರಲಿಲ್ಲ. ಅಗಾಥಾ ತೋರಿಸಿದ ಜಾಗವೇ ಖಾಯಂ ಆದರೆ ಒರತೆ ಆಚೆಯವರ ಪಾಲು.

ಹುಬರ್ಟ್ ಒಳ್ಳೆಯ ಮನುಷ್ಯ. ಹತ್ತು ಹೆಜ್ಜೆಗೆ ಯಾಕಿಷ್ಟು ಒದ್ದಾಟ, ಹಸುಗಳು ಹೇಗೂ ಕುಡಿದುಕೊಳ್ಳಲಿ ಎಂದ.

"ನಿಮ್ಮದು ದೊಡ್ಡ ದೇಶ, ಹತ್ತು ಹೆಜ್ಜೆ ಉದುರಿದ್ರೂ ಗೊತ್ತಾಗಲ್ಲ. ನಾವಿರೋದೇ ನಲವತ್ತು ಸಾವಿರ ಜನ. ಬೆಳಿಗ್ಗೆ ಆ ತುದೀಲಿ ಹೊರಟವನು ರಾತ್ರಿ ಊಟಕ್ಕೆ ಈ ತುದೀಲಿರ್ತಾನೆ. ದಾನ ಮಾಡೋಕೆ ನೆಲ ಎಲ್ಲಿದೆಯಪ್ಪ?" ಎಂದಳು ಅಗಾಥಾ.

ಏಳು ವರ್ಷದವಳಿದ್ದಾಗ ಅಪ್ಪ ಅವಳನ್ನು ಕರೆತಂದು, ಕಲ್ಲಿನ ಪಕ್ಕ ನಿಲ್ಲಿಸಿ, ಕೆನ್ನೆಗೆ ಬಾರಿಸಿದ್ದ. ಮಕ್ಕಳು ಗಡಿ ಮರೆಯದಿರಲೆಂದು ಊರಲ್ಲಿ ಎಲ್ಲರೂ ಹಾಗೆ ಮಾಡುತ್ತಿದ್ದರು. ಕಣ್ಣೀರಿನಲ್ಲಿ ಅವಳಿಗೆ ಕಂಡದ್ದು ಎದುರಿನ ಬಂಡೆಯ ಮೇಲೆ ಉಗುರಿನಷ್ಟೇ ಇಣುಕುತ್ತಿದ್ದ ದೂರದ ಶಿಖರದ ತುದಿ. ಈಗಲೂ ಇಲ್ಲಿಂದ ಅಷ್ಟೇ ಕಾಣುತ್ತಿದೆ. ಹಾಗಾದರೆ ತಪ್ಪಿದ್ದೆಲ್ಲಿ?

ಅಗಾಥಾ ತನ್ನಷ್ಟಕ್ಕೇ ನಕ್ಕಳು. "ನಾನೆಂಥ ಪೆದ್ದಿ. ಆಗ ನಾನು ಇಷ್ಟುದ್ದ ಇರಲೇ ಇಲ್ವಲ್ಲ."

ಮಂಡಿಯೂರಿದಳು. ತುದಿ ಬಂಡೆಯ ಹಿಂದೆ ಮುಳುಗಿತು. ಎಗೋನ್ ತೋಳು ಹಿಡಿದ. ಅವಳು ಮಂಡಿಯ ಮೇಲೇ ಏರು ಹತ್ತುತ್ತ, ಒರತೆಯ ಒದ್ದೆ ಮಣ್ಣು ದಾಟಿ, ಉಗುರಿನಷ್ಟು ತುದಿ ಮತ್ತೆ ಮೂಡಿದಲ್ಲಿ ತಡೆದಳು. ಅಲ್ಲಿ ಅಗೆದಾಗ ಹುಬರ್ಟನ ಗುದ್ದಲಿಗೇ ಸಿಕ್ಕಿದವು, ಹಿಂದಿನವರು ಕಲ್ಲಿನ ಬುಡದಲ್ಲಿ ಸಾಕ್ಷಿಗೆಂದು ಹೂತಿಟ್ಟ ಮೂರು ಹೆಂಚಿನ ಚೂರು. ಅವನೇ ಒರೆಸಿ ಜೋಡಿಸಿದ. ಒಂದೇ ಹೆಂಚಿನ ತುಂಡುಗಳಾಗಿ ಒಂದಕ್ಕೊಂದು ಕೂಡಿಕೊಂಡವು.

ಸಂಜೆಯೊಳಗೆ ಹೊಸ ಕಲ್ಲು ನಿಂತಿತು. ಅಗಾಥಾ ಎಗೋನನನ್ನು ಅದರ ಪಕ್ಕಕ್ಕೆ ಕರೆದು, ಬಗ್ಗು ಎಂದಳು. ಬಗ್ಗಿದ. ಏಟು ಗುಡ್ಡಕ್ಕೆಲ್ಲ ಕೇಳಿಸಿತು.

"ಈಗ ಎದುರಿಗೆ ಏನು ಕಾಣುತ್ತೋ ನೋಡ್ಕೋ, ಮಗಾ."

ಹುಬರ್ಟ್ ಗುದ್ದಲಿ ಕೆಳಗಿಟ್ಟ. ಟೋಪಿ ತೆಗೆದು, ಕಲ್ಲಿನ ಆಚೆ ಬದಿಗೆ ಬಂದು ನಿಂತು, ತನ್ನ ಕೆನ್ನೆಯನ್ನೂ ಮುದುಕಿಗೆ ಒಡ್ಡಿದ.