ಅರ್ಧ ಲೋಟ ಕಾಫಿ

ಮುದುಕ ದೊನ್ ಕಾಸ್ತುಲೊ ಕೈಗೆ ಕೊಟ್ಟ ಲೋಟದಲ್ಲಿ ಕಾಫಿ ಅರ್ಧವೇ ಇತ್ತು. ಕುಡಿತ ಬಿಟ್ಟವರ ಕೂಟದ ಬಾಗಿಲಲ್ಲಿ ಎಷ್ಟೋ ಸಂಜೆ ಬಾಲ ಸುಟ್ಟ ಬೆಕ್ಕಿನ ಹಾಗೆ ಅಡ್ಡಾಡಿ, ಇವತ್ತು ಹೇಗೋ ಒಳಗೆ ಕಾಲಿಟ್ಟಿದ್ದ ದೊಮಿತಿಲಾಳಿಗೆ ರೇಗಿತು. ಕುರ್ಚಿಗಳಲ್ಲಿ ಕೂತವರೆಲ್ಲ ಗಂಡಸರು, ಬೆಳಿಗ್ಗೆ ಅವಳ ಬಳಿ ಜೋಳದ ಹಿಟ್ಟಿನ ಕಡುಬು, ತಮಾಲೆ, ಕೊಳ್ಳುವವರೇ.

“ಬಾಳೆಲೆ ಬಿಚ್ಚಿದಾಗ ಅರ್ಧ ತಮಾಲೆ ಸಿಕ್ಕಿದ್ರೆ ನೀವು ಸುಮ್ನಿರ್ತೀರಾ? ಕಾಫಿಗೂ ಬರ ಬಂತಾ?”

ಮುದುಕ ನಕ್ಕ. “ಹೊಸದಾಗಿ ಬಂದೋರಿಗೆ ಇಲ್ಲಿ ಅರ್ಧವೇ, ತಾಯಿ. ಕೈ ನಡುಗಿ ಮೈಮೇಲೆ ಚೆಲ್ಲಿಕೊಂಡ್ರೆ, ನಾಚಿಕೆಗೆ ಮತ್ತೆ ಈ ಕಡೆ ತಲೆ ಹಾಕೋದಿಲ್ಲ. ನಾನೂ ಅರ್ಧ ಲೋಟದಿಂದಲೇ ಶುರು ಮಾಡ್ದೋನು.”

“ನಾನು ನನಗೋಸ್ಕರ ಬಂದಿಲ್ಲ. ನನ್ನ ಗಂಡನಿಗೋಸ್ಕರ ಕೇಳ್ಕೊಂಡು ಹೋಗೋಣ ಅಂತ ಬಂದೆ.”

ಗಡಿ ದಾಟಿ ಉತ್ತರಕ್ಕೆ ಹೋದ ಅವಳ ಗಂಡ ಅಲ್ಲೇ ಬೇರೆ ಸಂಸಾರ ಹೂಡಿದ್ದು ಊರಿಗೆಲ್ಲ ಗೊತ್ತಿತ್ತು. ಅಂದಿನಿಂದ ಅವಳ ಅಡುಗೆಮನೆಯ ಮೆಸ್ಕಾಲ್ ಹೆಂಡದ ಸೀಸೆ ಅವಳ ಒಂದೇ ಲೋಟಕ್ಕೆ ಬಾಗುತ್ತಿದ್ದುದು ಮಾತ್ರ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದಳು.

ಕುರ್ಚಿಗಳಲ್ಲಿ ಯಾರೂ ನಗಲಿಲ್ಲ. ಕಾಸ್ತುಲೊ ಕೂಡ ಸುಳ್ಳು ಎನ್ನಲಿಲ್ಲ. “ಹಾಗಾದ್ರೆ ನೀವು ಕೂಟಕ್ಕೆ ಸೇರೋಕೆ ಬಂದೋರಲ್ಲ, ನೆಂಟರು. ಹಿಡೀರಿ, ತುಂಬಿಸಿಬಿಡ್ತೀನಿ,” ಎಂದು ಕಾಫಿಯ ಪಾತ್ರೆ ಎತ್ತಿದ.

ದೊಮಿತಿಲಾ ಲೋಟ ಚಾಚಿದಳು. ಅರ್ಧವೇ ಇದ್ದ ಕಾಫಿಯೂ ಅಂಚಿನ ತನಕ ತುಳುಕಿತು. ಅವಳು ಇನ್ನೊಂದು ಕೈಯ ಅಂಗೈಯನ್ನು ಲೋಟದ ಬಾಯಿಗೆ ಮುಚ್ಚಿದಳು.

“ಬೇಡ,” ಎಂದಳು. “ಅರ್ಧವೇ ಇರಲಿ.”